ಟಾಪಿನ ಮೇಲೆ ಹಾರುತ್ತಿದ್ದ ವಾಷರ್ ನೀರು: ಕಾಫಿ ಕಣದಲ್ಲಿ ನಾಜಲ್ ರಿಪೇರಿ

ಕೊಡಗಿನಲ್ಲಿ ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್ ಬೇಕಾಗುವುದು ಜೋರು ಮಳೆಯಲ್ಲಿ ಅಲ್ಲ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನಲ್ಲಿ, ಮಳೆ ಸುರಿಯುವಾಗ ವೈಪರ್ ಒಂದಿದ್ದರೆ ಸಾಕು, ಗಾಜು ತೊಳೆಯುವ ಕೆಲಸ ಮಳೆಯೇ ಮಾಡುತ್ತದೆ. ಕಷ್ಟ ಶುರುವಾಗುವುದು ಮಳೆ ನಿಂತ ಮೇಲೆ. ರಸ್ತೆ ಒದ್ದೆ, ಮೇಲಿಂದ ಒಂದು ಹನಿ ಇಲ್ಲ. ಎದುರಿಗೆ ಬಂದ ಬಸ್ಸು ಕೆಂಪು ಕೆಸರನ್ನು ಗಾಜಿಗೆ ಎರಚಿ ಹೋಗುತ್ತದೆ. ಆಗ ಬರೀ ವೈಪರ್ ಹಾಕಿದರೆ ಕೆಸರು ಗಾಜಿನ ತುಂಬಾ ಬಳಿದುಕೊಳ್ಳುತ್ತದೆ ಅಷ್ಟೇ. ಸಂಜೆ ಹೊತ್ತು ಎದುರಿನ ಲೈಟ್ ಬಿದ್ದರೆ ರಸ್ತೆಯೇ ಕಾಣುವುದಿಲ್ಲ.

ನನ್ನ ಗಾಡಿಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ಹೀಗಾಗಿತ್ತು. ವಾಷರ್ ಲಿವರ್ ಎಳೆದರೆ ಎಡಗಡೆಯ ನಾಜಲ್ (ನೀರು ಚಿಮ್ಮುವ ಸಣ್ಣ ಬಾಯಿ) ನೀರನ್ನು ಗಾಡಿಯ ಟಾಪಿನ ಮೇಲಿಂದ ಹಿಂದಕ್ಕೆ ಹಾರಿಸುತ್ತಿತ್ತು. ಬಲಗಡೆಯದ್ದು, ಅಂದರೆ ಡ್ರೈವರ್ ಮುಂದಿನದ್ದು, ವೈಪರ್ ಬುಡದ ಕಪ್ಪು ಪ್ಲಾಸ್ಟಿಕ್ ಜಾಲರಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಮಡಿಕೇರಿಯ ಒಂದು ಏರಿನಲ್ಲಿ ಹಿಂದೆ ಬರುತ್ತಿದ್ದ ಸ್ಕೂಟರ್‌ನವರು ಪಕ್ಕಕ್ಕೆ ಬಂದು, "ಸಾರ್, ನಮ್ಗೆ ಬೆಳಿಗ್ಗೆನೇ ಸ್ನಾನ ಆಗಿದೆ" ಅಂದರು. ತಪ್ಪಿಲ್ಲ ಅವರದ್ದು.

ಗಾಡಿ ಹತ್ತು ವರ್ಷ ದಾಟಿದ ಸಣ್ಣ ಹ್ಯಾಚ್‌ಬ್ಯಾಕ್. ಬಾನೆಟ್ ಮೇಲೆ ಎರಡು ನಾಜಲ್, ಒಂದೊಂದರಲ್ಲಿ ಎರಡೆರಡು ಸಣ್ಣ ಗುಂಡು. ಗುಂಡಿನ ನಡುವೆ ಸೂಜಿ ತೂರುವಷ್ಟು ತೂತು. ಗುಂಡು ತನ್ನ ಗೂಡಿನಲ್ಲಿ ಎಲ್ಲ ಕಡೆಗೂ ತಿರುಗುತ್ತದೆ, ಅದನ್ನು ತಿರುಗಿಸಿದಂತೆ ನೀರಿನ ದಿಕ್ಕು ಬದಲಾಗುತ್ತದೆ. ಮಳೆಗಾಲದ ಗಾಳಿಗೆ ಸಿಲ್ವರ್ ಮರದ ಕೊಂಬೆ ಬಿದ್ದು ಬಾನೆಟ್ ತಗ್ಗಾಗಿತ್ತು. ಟಿಂಕರಿಂಗ್, ಪೇಂಟಿಂಗ್ ಆಯಿತು. ಪೇಂಟ್ ಮಾಡುವಾಗ ನಾಜಲ್ ಬಿಚ್ಚಿ, ಆಮೇಲೆ ಹಾಕಿದ್ದಾರೆ. ಅದಾದ ಮೇಲೆ ಕೈಲ್‌ಪೊಳ್ದ್ ಹಬ್ಬಕ್ಕೆ ಮುಂಚೆ ಪ್ರೆಶರ್ ವಾಶ್ ಬೇರೆ ಮಾಡಿಸಿದ್ದೆ. ಆ ಗನ್‌ನಿಂದ ಹೊಡೆಯುವ ನೀರು ನೇರವಾಗಿ ನಾಜಲ್‌ಗೆ ಬಿದ್ದರೆ ಗುಂಡು ತಿರುಗಿಬಿಡುತ್ತದೆ. ಹಾಗಾಗಿ ಗುರಿ ತಪ್ಪಿದ್ದು ನನಗೆ ಆಶ್ಚರ್ಯ ಅನಿಸಲಿಲ್ಲ.

ಎಲ್ಲರೂ ಹೇಳುವ ಮದ್ದು ಒಂದೇ: ಗುಂಡುಸೂಜಿ ತಗೊಂಡು ಗುಂಡನ್ನು ತಿರುಗಿಸು, ಆಯ್ತು. ಅದು ಅರ್ಧ ಮಾತ್ರ ನಿಜ. ಸೂಜಿ ಕೊನೆಯ ಕೆಲಸ. ಅದಕ್ಕೆ ಮುಂಚೆ ನೀರು ಸರಿಯಾಗಿ ಬರುತ್ತಿದೆಯಾ ಅಂತ ನೋಡಬೇಕು. ನೀರೇ ಸರಿಯಿಲ್ಲದಾಗ ಗುರಿ ಹಿಡಿದರೆ, ಮುಂದೆ ನೀರು ಸರಿಯಾದ ದಿನ ಗುರಿ ಮತ್ತೆ ತಪ್ಪುತ್ತದೆ.

ಯಾಕೆ ಅಂದರೆ, ಪಂಪ್ ಇರುವುದು ಒಂದು. ಅದರಿಂದ ಬರುವ ಪೈಪ್ ಬಾನೆಟ್ ಕೆಳಗೆ ಟಿ-ಜಾಯಿಂಟ್‌ನಲ್ಲಿ ಎರಡಾಗುತ್ತದೆ. ಒಂದು ಕಡೆಯ ತೂತು ಕಟ್ಟಿದರೆ ಆ ಒತ್ತಡವೆಲ್ಲ ಇನ್ನೊಂದು ಕಡೆಗೆ ಹೋಗುತ್ತದೆ. ಕಾಫಿಗೆ ಹೂ ಬರಿಸಲು ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು: ಲೈನಿನಲ್ಲಿ ಒಂದು ಜೆಟ್ ಕಟ್ಟಿದರೆ ಪಕ್ಕದ್ದು ಬೇಲಿ ದಾಟಿ ಎರಚುತ್ತದೆ. ಬಲಗಡೆ ತೊಟ್ಟಿಕ್ಕುವುದು, ಎಡಗಡೆ ಟಾಪ್ ದಾಟುವುದು, ಇವೆರಡೂ ಬೇರೆ ಬೇರೆ ತೊಂದರೆ ಅಲ್ಲ, ಒಂದೇ ಇರಬಹುದು ಅನ್ನುವುದು ನನ್ನ ಲೆಕ್ಕವಾಗಿತ್ತು.

ಜಾಗ ಮತ್ತು ಸಾಮಾನು

ಈ ಕೆಲಸಕ್ಕೆ ಸಮತಟ್ಟಾದ ಜಾಗ ಬೇಕು. ಮಡಿಕೇರಿಯಲ್ಲಿ ನಮ್ಮ ಮನೆ ಅಂಗಳ ಇಳಿಜಾರು, ಊರೇ ಇಳಿಜಾರು. ಅದಕ್ಕೆ ಸುಂಟಿಕೊಪ್ಪ ಹತ್ತಿರ ಭಾವನ ತೋಟಕ್ಕೆ ಹೋದೆ. ಅಲ್ಲಿ ಕಾಫಿ ಒಣಗಿಸುವ ಸಿಮೆಂಟ್ ಕಣ ಇದೆ. ಕೊಯ್ಲು ಶುರುವಾಗುವವರೆಗೆ ಕಣ ಖಾಲಿ, ನಾಯಿ ಮಲಗಲು ಬಿಟ್ಟರೆ ಬೇರೆ ಉಪಯೋಗ ಇಲ್ಲ. ನೀರು ಚೆಲ್ಲಿದರೂ ಕೆಸರಾಗುವುದಿಲ್ಲ. ಹಿಂದೆ ಮುಂದೆ ಜಾಗ ಧಾರಾಳ.

ಬೇಕಾದದ್ದು ಜಾಸ್ತಿ ಏನಿಲ್ಲ. ಸಣ್ಣ ಹೊಲಿಗೆ ಸೂಜಿ ಒಂದು, ಅದನ್ನು ಬಾಟಲಿಯ ಬಿರಡೆಗೆ ಚುಚ್ಚಿ ಹಿಡಿ ಮಾಡಿಕೊಂಡೆ. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜ್, ಸೂಜಿ ಇಲ್ಲದ್ದು. ಹಳೆಯ ಟೂತ್ ಬ್ರಷ್, ಮಾಸ್ಕಿಂಗ್ ಟೇಪ್, ಬಕೆಟ್, ಬಿಸಿನೀರು, ಬಿಳಿ ವಿನೆಗರ್. ಕುಶಾಲನಗರದ ಸ್ಪೇರ್ ಪಾರ್ಟ್ಸ್ ಅಂಗಡಿಯಿಂದ ಒಂದು ಮೀಟರ್ ವಾಷರ್ ಪೈಪ್ ಮತ್ತು ನೀರನ್ನು ಒಂದೇ ಕಡೆಗೆ ಬಿಡುವ ಒಂದು ನಾನ್-ರಿಟರ್ನ್ ವಾಲ್ವ್ ತಂದಿಟ್ಟುಕೊಂಡಿದ್ದೆ. ಪೈಪ್ ತರುವಾಗ ಹಳೆಯದರ ತುಂಡು ಕೈಯಲ್ಲಿರಲಿ. ನನ್ನದಕ್ಕೆ ಒಳಗಿನ ಅಗಲ 4 ಮಿಲಿಮೀಟರ್. ಅಂಗಡಿಯವರು ಅಂದಾಜಿನಲ್ಲಿ ಕೊಟ್ಟರೆ ಒಂದೋ ಜಾರುತ್ತದೆ, ಇಲ್ಲ ಏರುವುದೇ ಇಲ್ಲ.

ವಿನೆಗರ್ ನೋಡಿ ಅಕ್ಕ ಅಡುಗೆಮನೆಯಿಂದ ಕಾಚಂಪುಳಿ ಬಾಟಲ್ ಎತ್ತಿ ತೋರಿಸಿದಳು. "ಇದೂ ಹುಳಿನೇ ಅಲ್ವಾ, ಇದಾಗಲ್ವಾ?" ಆಗುವುದಿಲ್ಲ. ಕುದಿಸಿ ಇಳಿಸಿದ ಕಪ್ಪು ರಸ ಅದು, ಮಂದ. ಕಟ್ಟಿದ ತೂತನ್ನು ಇನ್ನೂ ಗಟ್ಟಿಯಾಗಿ ಕಟ್ಟುತ್ತದೆ. ಅದರ ಜಾಗ ಪಂದಿ ಕರಿಯಲ್ಲಿ, ಅಂದರೆ ಹಂದಿ ಮಾಂಸದ ಸಾರಿನಲ್ಲಿ.

ಮೊದಲು ನೀರು

ಇಂಜಿನ್ ಆಫ್, ಕೀ ಮಾತ್ರ ಆನ್. ಅಕ್ಕನ ಮಗ ಒಳಗೆ ಕೂತು ಲಿವರ್ ಎಳೆದ. ಪಂಪ್ ಶಬ್ದ ಬರುತ್ತಿತ್ತು. ಅಂದರೆ ಫ್ಯೂಸ್, ವೈರ್, ಮೋಟಾರ್ ಎಲ್ಲ ಬದುಕಿದೆ. ಶಬ್ದವೇ ಇಲ್ಲದಿದ್ದರೆ ನಾಜಲ್ ಮುಟ್ಟುವ ಅಗತ್ಯವೇ ಇಲ್ಲ, ಮೊದಲು ಫ್ಯೂಸ್ ನೋಡಬೇಕು.

ಟಿ-ಜಾಯಿಂಟ್‌ಗೆ ಬರುವ ಪೈಪ್ ಬಿಚ್ಚಿ, ಅದರ ಬಾಯಿಯನ್ನು ಖಾಲಿ ಬಾಟಲಿಗೆ ಹಿಡಿದೆ. ಇದು ಒಳ್ಳೆಯ ಪರೀಕ್ಷೆ. ಇಲ್ಲಿ ನೀರು ರಭಸವಾಗಿ ಬಂದರೆ ತೊಂದರೆ ಮುಂದೆ, ಅಂದರೆ ನಾಜಲ್ ಕಡೆ. ಇಲ್ಲೇ ಸೊರಗಿದ್ದರೆ ತೊಂದರೆ ಹಿಂದೆ, ಪಂಪ್ ಅಥವಾ ಟ್ಯಾಂಕ್ ಕಡೆ. ನನ್ನದರಲ್ಲಿ ಬಂತು, ಆದರೆ ಬಿಟ್ಟು ಬಿಟ್ಟು ಬಂತು. ನೀರಿನ ಜೊತೆ ಹಸಿರು-ಕಂದು ಚೂರುಗಳೂ ಬಂದವು.

ಹಾಗಾಗಿ ಟ್ಯಾಂಕ್ ನೋಡಲೇಬೇಕಾಯಿತು. ಎಡಗಡೆ ಮುಂದಿನ ಚಕ್ರದ ಮೇಲೆ ಕಪ್ಪು ಪ್ಲಾಸ್ಟಿಕ್ ಲೈನರ್ ಇರುತ್ತದೆ. ಚಕ್ರವನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ಕ್ಲಿಪ್ ತೆಗೆದು, ಲೈನರ್ ಬಗ್ಗಿಸಿದರೆ ಟ್ಯಾಂಕಿನ ತಳ ಮತ್ತು ಪಂಪ್ ಕಾಣುತ್ತದೆ. ಎಲ್ಲ ಗಾಡಿಯಲ್ಲೂ ಅಲ್ಲೇ ಇರಬೇಕೆಂದಿಲ್ಲ. ಕೆಲವದರಲ್ಲಿ ಬಾನೆಟ್ ಎತ್ತಿದರೆ ಎದುರಿಗೇ ಇರುತ್ತದೆ, ಅಂಥವರು ಪುಣ್ಯವಂತರು. ಪಂಪ್‌ನ ವೈರ್ ಪ್ಲಗ್ ಮೊದಲು ತೆಗೆಯಬೇಕು. ಪಂಪ್‌ಗೆ ಸ್ಕ್ರೂ ಇಲ್ಲ, ರಬ್ಬರ್ ಬುಷ್‌ನಲ್ಲಿ ಸಿಕ್ಕಿಸಿರುತ್ತಾರೆ. ಅಲುಗಾಡಿಸಿ ಎಳೆದರೆ ಬರುತ್ತದೆ. ಬಂದ ಕೂಡಲೇ ಟ್ಯಾಂಕಿನಲ್ಲಿದ್ದ ಅಷ್ಟೂ ನೀರು ಸುರಿಯುತ್ತದೆ, ಬಕೆಟ್ ಅದಕ್ಕೇ.

ಬುಷ್‌ನ ಒಳಗೆ ಸಣ್ಣ ಜಾಲರಿ ಇದೆ. ಅದರ ಮೇಲೆ ಲೋಳೆ ಪಾಚಿ ದಪ್ಪಗೆ ಕೂತಿತ್ತು. ಟ್ಯಾಂಕ್ ಅರೆಪಾರದರ್ಶಕ ಪ್ಲಾಸ್ಟಿಕ್, ಇಂಜಿನ್ ಬಿಸಿ ಹತ್ತಿರವೇ ಇರುತ್ತದೆ, ಒಳಗೆ ಬರೀ ನೀರು. ಪಾಚಿ ಬೆಳೆಯಲು ಇನ್ನೇನು ಬೇಕು? ಜಾಲರಿಯನ್ನು ಬ್ರಷ್‌ನಿಂದ ಉಜ್ಜಿ, ಟ್ಯಾಂಕಿಗೆ ಬೆಚ್ಚಗಿನ ನೀರು ಹಾಕಿ ಕುಲುಕಿಸಿ, ಹೊರಗೆ ಬರುವ ನೀರು ತಿಳಿಯಾಗುವವರೆಗೆ ತೊಳೆದೆ. ವಾಪಸ್ ಹಾಕುವಾಗ ರಬ್ಬರ್‌ಗೆ ಗ್ರೀಸ್, ಎಣ್ಣೆ ಏನೂ ಬೇಡ. ನೀರಿನಲ್ಲಿ ಒದ್ದೆ ಮಾಡಿದರೆ ಸಾಕು, ಪಂಪ್ ಸಲೀಸಾಗಿ ಕೂರುತ್ತದೆ. ಎಣ್ಣೆ ಹಚ್ಚಿದರೆ ಅದು ನೀರಿನ ಜೊತೆ ಗಾಜಿಗೇ ಬಂದು ಜಿಡ್ಡು ಕಟ್ಟುತ್ತದೆ.

ಬರೀ ನೀರು ತುಂಬಿಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಇದಕ್ಕೆ ಇನ್ನೊಂದು ಮುಖವೂ ಇದೆ. 2010ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಒಂದು ಅಧ್ಯಯನ ಪ್ರಕಟವಾಯಿತು. ವಾಷರ್ ಟ್ಯಾಂಕಿನಲ್ಲಿ ಸ್ಕ್ರೀನ್‌ವಾಶ್ ಅನ್ನುವ ಗಾಜು ತೊಳೆಯುವ ದ್ರಾವಣ ಸೇರಿಸದೆ ಬರೀ ನೀರು ಬಳಸುವುದಕ್ಕೂ ಲೀಜನೇರ್ಸ್ ಎಂಬ ಒಂದು ಬಗೆಯ ನ್ಯುಮೋನಿಯಾಕ್ಕೂ ನಂಟಿದೆ ಅಂತ ಅದರಲ್ಲಿತ್ತು. ನಿಂತ, ಬೆಚ್ಚಗಿನ ನೀರಿನಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯುತ್ತದೆ, ನಾಜಲ್ ಅದನ್ನು ಸಣ್ಣ ಹನಿ ಮಾಡಿ ಗಾಳಿಗೆ ಬಿಡುತ್ತದೆ. ಹೆದರಿಸಲು ಹೇಳುತ್ತಿಲ್ಲ. ಆ ಲೋಳೆ ಕೈಗೆ ಅಂಟಿದಾಗ ನೆನಪಾಯಿತು, ಸಾಬೂನು ಹಾಕಿ ಕೈ ತೊಳೆದೆ.

ಬಲಗಡೆಯ ನಾಜಲ್ ಕಟ್ಟಿದ್ದು ಯಾವುದರಿಂದ

ಪಂಪ್ ಕಡೆ ಸರಿಯಾದ ಮೇಲೂ ಬಲಗಡೆ ಬರೀ ತೊಟ್ಟು. ನಾಜಲ್ ಹೊರಗೆ ತೆಗೆದೆ. ಬಾನೆಟ್ ಕೆಳಗಿನ ಶಾಖ ತಡೆಯುವ ಹೊದಿಕೆಯ ಕ್ಲಿಪ್ ನಾಲ್ಕೈದು ಬಿಚ್ಚಿ, ಆ ಮೂಲೆ ಇಳಿಸಿದರೆ ನಾಜಲ್‌ನ ಬುಡ ಸಿಗುತ್ತದೆ. ಪೈಪ್ ಮೊದಲು ಕಳಚಬೇಕು. ಹಳೆಯ ಪೈಪ್ ಗಟ್ಟಿಯಾಗಿರುತ್ತದೆ, ಎಳೆದರೆ ನಾಜಲ್‌ನ ಮೂತಿಯೇ ಮುರಿಯಬಹುದು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಸುತ್ತಿಟ್ಟರೆ ಮೆದುವಾಗುತ್ತದೆ. ಆಮೇಲೆ ಬುಡದ ಎರಡು ಕಿವಿಗಳನ್ನು ಒತ್ತಿ ಮೇಲಕ್ಕೆ ತಳ್ಳಿದರೆ ನಾಜಲ್ ಹೊರಗೆ. ಮೇಲಿನಿಂದ ಸ್ಕ್ರೂಡ್ರೈವರ್ ಹಾಕಿ ಎಬ್ಬಲು ಹೋಗಬೇಡಿ, ಹೊಸ ಪೇಂಟ್ ಎದ್ದು ಬರುತ್ತದೆ. ನಾನು ಸುತ್ತ ಮಾಸ್ಕಿಂಗ್ ಟೇಪ್ ಅಂಟಿಸಿಯೇ ಕೈ ಹಾಕಿದ್ದು.

ಎರಡೂ ತೂತಿನ ಬಾಯಲ್ಲಿ ಬಿಳಿಯ ಗಟ್ಟಿ ವಸ್ತು. ನೋಡಿದ ಕೂಡಲೇ ಸುಣ್ಣ ಅನಿಸುತ್ತದೆ. ಬೋರ್ ನೀರಿನ ಊರುಗಳಲ್ಲಿ ನಾಜಲ್ ಕಟ್ಟುವುದು ಹಾಗೇ, ನೀರು ಆರಿ ಉಪ್ಪು-ಸುಣ್ಣ ಉಳಿಯುತ್ತದೆ. ಆದರೆ ನಮ್ಮ ತೋಡಿನ ನೀರು, ಮಳೆ ನೀರು ಮೆದು. ಪಾತ್ರೆಯ ತಳದಲ್ಲಿ ಸುಣ್ಣ ಕಟ್ಟುವುದು ಇಲ್ಲಿ ಅಪರೂಪ. ಆದರೂ ವಿನೆಗರ್‌ನಲ್ಲಿ ಮುಳುಗಿಸಿಟ್ಟೆ. ಭಾವ ಕಾಫಿ ತಂದರು, ಕುಡಿದೆವು, ಕಾಳುಮೆಣಸಿನ ರೇಟಿನ ಬಗ್ಗೆ ಮಾತಾಯಿತು. ಬಿಳಿ ವಸ್ತು ಹಾಗೇ ಇತ್ತು. ಸುಣ್ಣ ಆಗಿದ್ದರೆ ವಿನೆಗರ್ ಹುಳಿಗೆ ಗುಳ್ಳೆ ಬಿಟ್ಟು ಕರಗಬೇಕಿತ್ತು.

ಸೂಜಿ ಮೊನೆಯಿಂದ ಸ್ವಲ್ಪ ಕೆರೆದು ಬೆರಳ ನಡುವೆ ತಿಕ್ಕಿ ನೋಡಿದೆ. ನುಣುಪು, ಅದರೊಳಗೆ ಸಣ್ಣ ಮರಳಿನ ಹಾಗೆ ತರಿ. ರಬ್ಬಿಂಗ್ ಕಾಂಪೌಂಡ್! ಪೇಂಟ್ ಆದ ಮೇಲೆ ಹೊಳಪು ಬರಲು ಮಶೀನ್‌ನಲ್ಲಿ ಉಜ್ಜುತ್ತಾರಲ್ಲ, ಅದೇ ಪೇಸ್ಟ್. ನಾಜಲ್ ಹಾಕಿದ ಮೇಲೆ ಪಾಲಿಶ್ ಮಾಡಿದ್ದಾರೆ, ಬಲಗಡೆಯ ಎರಡೂ ತೂತಿಗೆ ಪೇಸ್ಟ್ ತುಂಬಿ ಒಣಗಿದೆ. ಪೇಂಟಿಂಗ್ ಆಗಿ ಬಂದ ಗಾಡಿಯಲ್ಲಿ ವಾಷರ್ ಕೆಟ್ಟರೆ ಮೊದಲು ಇದನ್ನೇ ಅನುಮಾನಿಸಿ. ಉಜ್ಜುವ ಮುಂಚೆ ನಾಜಲ್ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಅಂತ ಹೇಳಿದರೆ ಅಷ್ಟೇ ಸಾಕು.

ಇದಕ್ಕೆ ಬಿಸಿನೀರು ಒಳ್ಳೆಯದು. ಕುದಿಯುವ ನೀರಲ್ಲ, ಕೈ ಅದ್ದಿದರೆ ತಡೆಯುವಷ್ಟು ಬಿಸಿ. ಸ್ವಲ್ಪ ಶಾಂಪೂ ಹಾಕಿ ನೆನೆಸಿದೆ. ಥಿನ್ನರ್, ಪೆಟ್ರೋಲ್ ಬೇಡ, ಪ್ಲಾಸ್ಟಿಕ್ ಹಾಳಾಗುತ್ತದೆ. ಆಮೇಲೆ ಸಿರಿಂಜ್‌ನಲ್ಲಿ ನೀರು ತುಂಬಿ, ತೂತಿನ ಹೊರಬಾಯಿಂದ ಒಳಕ್ಕೆ, ಅಂದರೆ ಉಲ್ಟಾ ಒತ್ತಿದೆ. ಯಾವಾಗಲೂ ಉಲ್ಟಾ ತೊಳೆಯುವುದೇ ಸರಿ. ಸೂಜಿಯಿಂದ ಒಳಕ್ಕೆ ದೂಡಿದ ಕಸ ಒಳಗೇ ಉಳಿಯುತ್ತದೆ, ನಾಳೆ ಮತ್ತೆ ಬಾಯಿಗೆ ಬಂದು ಕೂರುತ್ತದೆ. ಒಂದು ತುಂಡು ಕಾಂಪೌಂಡ್ ಹಿಂದಿನ ಮೂತಿಯಿಂದ ಹೊರಗೆ ಬಿತ್ತು. ಅದಾದ ಮೇಲೆ ಸೂಜಿಯಿಂದ ತೂತಿನ ಅಂಚು ಮಾತ್ರ ಸ್ವಚ್ಛ ಮಾಡಿದೆ. ಅಂಚಿನಲ್ಲಿ ಒಂದು ಚೂರು ಉಳಿದರೂ ನೀರಿನ ಧಾರೆ ನೇರ ಹೋಗುವುದಿಲ್ಲ, ಪಕ್ಕಕ್ಕೆ ಬಾಗುತ್ತದೆ. ಆಗ ಗುಂಡನ್ನು ಎಷ್ಟು ತಿರುಗಿಸಿದರೂ ತಲೆನೋವೇ.

ನಾಜಲ್ ವಾಪಸ್ ಕೂರಿಸಿ, ಬಾನೆಟ್ ಮುಚ್ಚಿ, ಲಿವರ್ ಎಳೆಸಿದೆ. ಬಲಗಡೆ ಎರಡು ಧಾರೆ ಚಿಮ್ಮಿತು. ಎಡಗಡೆ ನಾನು ಮುಟ್ಟಿಯೇ ಇರಲಿಲ್ಲ. ಆದರೂ ಟಾಪ್ ಮೇಲೆ ಹಾರುತ್ತಿದ್ದ ನೀರು ಈಗ ಗಾಜಿನ ಮೇಲಂಚಿಗೆ ಬಂದು ಬಡಿಯಿತು. "ಮಾವ, ಅದೂ ಸರಿಯಾಯ್ತಲ್ಲ, ಏನ್ ಮಾಡಿದ್ರಿ?" ಅಂತ ಅಕ್ಕನ ಮಗ ಒಳಗಿಂದ ಕೇಳಿದ. ಏನೂ ಮಾಡಿಲ್ಲ, ಒತ್ತಡ ಹಂಚಿಹೋಯಿತು ಅಷ್ಟೇ.

ಪೈಪ್ ಮತ್ತು ವಾಲ್ವ್ ಕೆಲಸ ಬೇಗ ಮುಗಿಯಿತು. ಬಾನೆಟ್ ಕೀಲಿನ ಹತ್ತಿರ ಪೈಪ್ ಪ್ರತಿ ಸಲ ಮಡಿಸಿ ಮಡಿಸಿ ಬಿರುಕು ಬಿಟ್ಟಿತ್ತು. ಆ ತುಂಡು ಕತ್ತರಿಸಿ ಹೊಸದು ಹಾಕಿದೆ. ಬಾನೆಟ್ ಮುಚ್ಚಿದಾಗ ಸೊಟ್ಟಗೆ ಮಡಿಯದಷ್ಟು ಉದ್ದ ಬಿಡಬೇಕು. ವಾಲ್ವ್ ಟಿ-ಜಾಯಿಂಟ್‌ಗೆ ಮುಂಚೆ ಕೂರಿಸಿದೆ, ಬಾಣದ ಗುರುತು ನಾಜಲ್ ಕಡೆಗೆ. ಇದು ಇಲ್ಲದಿದ್ದರೆ ಪೈಪಿನಲ್ಲಿದ್ದ ನೀರು ಟ್ಯಾಂಕಿಗೆ ಇಳಿದುಹೋಗುತ್ತದೆ. ಗಾಡಿಯ ಮೂತಿ ಕೆಳಗೆ ಮಾಡಿ ಇಳಿಜಾರಿನಲ್ಲಿ ನಿಲ್ಲಿಸುವವರಿಗೆ ಇನ್ನೂ ಜಾಸ್ತಿ. ಆಮೇಲೆ ಲಿವರ್ ಎಳೆದರೆ ಮೊದಲು ಬರೀ ಗಾಳಿ, ವೈಪರ್ ಒಣ ಕೆಸರನ್ನು ಒಂದೆರಡು ಸಲ ಉಜ್ಜಿದ ಮೇಲೆ ನೀರು. ಗಾಜಿನಲ್ಲಿ ಗೀರು ಬೀಳುವುದು ಹೀಗೇ.

ಗುರಿ

ಈಗ ಸೂಜಿ ಕೆಲಸ. ಮೊದಲು ಗಾಜಿಗೆ ನೀರು ಸುರಿದು ವೈಪರ್ ಓಡಿಸಿದೆ. ಬ್ಲೇಡ್ ಎಲ್ಲಿಂದ ಎಲ್ಲಿಯವರೆಗೆ ಒರೆಸುತ್ತದೆ ಅನ್ನುವುದು ಆಗ ಸ್ಪಷ್ಟವಾಗಿ ಕಾಣುತ್ತದೆ. ಆ ಗಡಿಯ ಒಳಗೆ ನೀರು ಬಿದ್ದರೆ ಮಾತ್ರ ಉಪಯೋಗ. ಗಾಜು ಒರೆಸಿ ಒಣಗಿಸಿ, ಹೊರಗಡೆ ಮಾಸ್ಕಿಂಗ್ ಟೇಪಿನ ಸಣ್ಣ ತುಂಡುಗಳನ್ನು ಗುರಿ ಬೇಕಾದ ಕಡೆ ಅಂಟಿಸಿದೆ. ಡ್ರೈವರ್ ಸೀಟಿನಲ್ಲಿ ನಾನೇ ಕೂತು, ನನ್ನ ಕಣ್ಣು ರಸ್ತೆ ನೋಡುವ ಜಾಗವನ್ನು ಹುಡುಗನಿಗೆ ತೋರಿಸಿ ಅಲ್ಲೊಂದು ಗುರುತು ಹಾಕಿಸಿದೆ. ಟೇಪ್ ಅಂಟಿರುವಷ್ಟು ಹೊತ್ತು ವೈಪರ್ ಓಡಿಸಬಾರದು ಅಲ್ವಾ? ಆದರೆ ವಾಷರ್ ಲಿವರ್ ಎಳೆದರೆ ವೈಪರ್ ತಾನಾಗಿ ಏಳುತ್ತದೆ. ನನ್ನ ಗಾಡಿಯಲ್ಲಿ ಮೊದಲು ನೀರು ಬಂದು, ಚೂರು ತಡವಾಗಿ ವೈಪರ್ ಏಳುತ್ತದೆ. ಲಿವರ್ ಎಳೆದು ತಟ್ಟನೆ ಬಿಟ್ಟರೆ ವೈಪರ್ ಏಳುವುದೇ ಇಲ್ಲ. ಅಷ್ಟು ಹೊತ್ತು ಸಾಕು. ಕಣ್ಣಿಗೆ ಹಿಡಿಯದಿದ್ದರೆ ಮೊಬೈಲ್‌ನಲ್ಲಿ ಸ್ಲೋ ಮೋಶನ್ ವಿಡಿಯೊ ಮಾಡಿ ನಿಲ್ಲಿಸಿ ನೋಡಿ. ನಾಲ್ಕು ಧಾರೆ ಎಲ್ಲೆಲ್ಲಿ ಬಡಿಯುತ್ತದೆ ಅಂತ ಗೆರೆ ಎಳೆದ ಹಾಗೆ ಗೊತ್ತಾಗುತ್ತದೆ. ಈ ಉಪಾಯ ಅಕ್ಕನ ಮಗನದ್ದು.

ಗುಂಡು ತಿರುಗಿಸುವಾಗ ಸೂಜಿಯನ್ನು ಮೂರು-ನಾಲ್ಕು ಮಿಲಿಮೀಟರ್‌ಗಿಂತ ಒಳಗೆ ಹಾಕಬೇಡಿ. ಬಲ ಹಾಕಿ ಎಬ್ಬಿದರೆ ಸೂಜಿ ತೂತಿನಲ್ಲೇ ಮುರಿಯುತ್ತದೆ. ಅದನ್ನು ತೆಗೆಯುವುದಕ್ಕಿಂತ ಹೊಸ ನಾಜಲ್ ತರುವುದು ಸುಲಭ. ಗುಂಡು ಬಿಗಿಯಾಗಿದ್ದರೆ ಮೇಲೆ ಸ್ವಲ್ಪ ಬಿಸಿನೀರು ಹೊಯ್ದು ಆಮೇಲೆ ನೋಡಿ. ಕೂದಲೆಳೆಯಷ್ಟು ತಿರುಗಿಸಿದರೆ ಗಾಜಿನ ಮೇಲೆ ನೀರು ಒಂದು ಗೇಣು ಸರಿಯುತ್ತದೆ. ಅದಕ್ಕೆ ಅವಸರ ಬೇಡ. ತಿರುಗಿಸು, ಸೂಜಿ ತೆಗೆ, ನೀರು ಹೊಡೆ, ನೋಡು. ಪಂಪನ್ನು ಒಂದೇ ಸಮ ಓಡಿಸಬಾರದು, ಮಧ್ಯೆ ಬಿಡುವು ಕೊಡಬೇಕು. ಟ್ಯಾಂಕ್ ಖಾಲಿ ಇದ್ದಾಗಲಂತೂ ಓಡಿಸಲೇಬಾರದು, ಒಣ ಪಂಪ್ ಬೇಗ ಸುಟ್ಟುಹೋಗುತ್ತದೆ.

ಎತ್ತರ ಎಷ್ಟಿರಬೇಕು ಅನ್ನುವುದರಲ್ಲೇ ಇರುವುದು ವಿಷಯ. ಗಾಡಿ ಓಡುವಾಗ ಎದುರುಗಾಳಿ ಧಾರೆಯನ್ನು ಕೆಳಕ್ಕೆ ಒತ್ತುತ್ತದೆ. ಅದಕ್ಕೆ ನಿಂತ ಗಾಡಿಯಲ್ಲಿ ಸ್ವಲ್ಪ ಮೇಲೆಯೇ ಗುರಿ ಇಡಿ ಅಂತ ಹೇಳುತ್ತಾರೆ. ಸರಿಯಾದ ಮಾತು, ಹೈವೇಗೆ. ನಮ್ಮ ರಸ್ತೆಗಳಲ್ಲಿ, ಸಂಪಾಜೆ ಘಾಟಿಯ ತಿರುವುಗಳಲ್ಲಿ, ಮಾಕುಟ್ಟದ ಕಾಡಿನಲ್ಲಿ, ನಾಪೋಕ್ಲು ಕಡೆ ತೋಟಗಳ ನಡುವೆ, ಗಾಡಿ ಓಡುವುದು ಮೂವತ್ತು-ನಲವತ್ತರಲ್ಲಿ. ಆ ವೇಗಕ್ಕೆ ಗಾಳಿ ಏನೂ ಮಾಡುವುದಿಲ್ಲ. ಹೈವೇ ಲೆಕ್ಕದಲ್ಲಿ ಮೇಲೆ ಇಟ್ಟರೆ ಅರ್ಧ ನೀರು ಟಾಪಿಗೆ ಹೋಗುತ್ತದೆ. ಆದರೆ ಮೈಸೂರಿಗೂ ಹೋಗಬೇಕಲ್ಲ. ಕುಶಾಲನಗರದಲ್ಲಿ ಕಾವೇರಿ ದಾಟಿದ ಮೇಲೆ ರಸ್ತೆ ನೇರ, ವೇಗ ಎಂಬತ್ತಕ್ಕೆ ಏರುತ್ತದೆ.

ನಾಜಲ್ ಒಂದಕ್ಕೆ ಗುಂಡು ಎರಡಿದೆ. ಎರಡನ್ನೂ ಒಂದೇ ಎತ್ತರಕ್ಕೆ ಇಡಬೇಕೆಂದು ಯಾರು ಹೇಳಿದರು? ಒಂದನ್ನು ಘಾಟಿಗೆ, ಇನ್ನೊಂದನ್ನು ಹೈವೇಗೆ ಇಟ್ಟೆ. ಕೆಳಗಿನ ಧಾರೆ ವೈಪರ್ ಒರೆಸುವ ಜಾಗದ ನಡುಮಧ್ಯಕ್ಕೆ. ಮೇಲಿನದ್ದು ಮುಕ್ಕಾಲು ಎತ್ತರಕ್ಕೆ, ಮೇಲಂಚಿಗೆ ತಾಗದ ಹಾಗೆ. ಅಗಲದಲ್ಲೂ ಎರಡನ್ನೂ ಬೇರೆ ಮಾಡಿದೆ. ಬಲಗಡೆಯ ನಾಜಲ್‌ನ ಕೆಳಗಿನ ಧಾರೆ ಡ್ರೈವರ್ ಕಣ್ಣಿನ ನೇರಕ್ಕಿಂತ ಚೂರು ಕೆಳಗೆ, ಮೇಲಿನದ್ದು ಸ್ವಲ್ಪ ಮಧ್ಯದ ಕಡೆಗೆ. ಎಡಗಡೆಯದ್ದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಕದಲ್ಲಿ ಕೂತವರಿಗೆ ಬೆಟ್ಟ ನೋಡಲು ಗಾಜು ಸ್ವಚ್ಛ ಇದ್ದರೆ ಸಾಕು.

ಇನ್ನೊಂದು ಸಂಗತಿ. ಇಂಜಿನ್ ಆಫ್ ಇದ್ದಾಗ ಪಂಪ್‌ಗೆ ಬ್ಯಾಟರಿಯ 12 ವೋಲ್ಟ್ ಚಿಲ್ಲರೆ ಸಿಗುತ್ತದೆ. ಇಂಜಿನ್ ಓಡುವಾಗ ಆಲ್ಟರ್ನೇಟರ್‌ನಿಂದ 14ರ ಹತ್ತಿರ. ಪಂಪ್ ಜೋರಾಗಿ ತಿರುಗುತ್ತದೆ, ಧಾರೆ ಸ್ವಲ್ಪ ಮೇಲೆ ಹೋಗುತ್ತದೆ. ಹಾಗಾಗಿ ಕೊನೆಯ ನೋಟ ಇಂಜಿನ್ ಸ್ಟಾರ್ಟ್ ಮಾಡಿಯೇ ನೋಡಬೇಕು, ಬಾನೆಟ್ ಪೂರ್ತಿ ಲಾಕ್ ಆಗಿರಬೇಕು. ಹೀಗೆ ನೋಡಿದಾಗ ಮೇಲಿನ ಧಾರೆಗಳನ್ನು ಚೂರು ಇಳಿಸಬೇಕಾಯಿತು.

ಭಾವ ಒಂದು ಮಾತು ಕೇಳಿದರು. "ಈಗ ಬೀಸಣಿಗೆ ಥರ ಹರಡಿ ಹೊಡೆಯುವ ನಾಜಲ್ ಬಂದಿದೆಯಲ್ಲ, ಅದನ್ನೇ ಹಾಕಬಾರದಾ?" ಹಾಕಬಹುದು. ಅದರೊಳಗೆ ತಿರುಗುವ ಭಾಗ ಏನೂ ಇಲ್ಲ. ಒಳಗಿನ ಸಣ್ಣ ಕಾಲುವೆಯ ಆಕಾರದಿಂದಲೇ ನೀರು ಎಡಕ್ಕೂ ಬಲಕ್ಕೂ ತುಂಬಾ ವೇಗವಾಗಿ ಓಲಾಡಿ ಹರಡುತ್ತದೆ. ಒಂದೇ ಸಲ ಗಾಜಿನ ಅಗಲಕ್ಕೂ ನೀರು. ಆದರೆ ಹನಿ ಸಣ್ಣದು, ವೇಗದಲ್ಲಿ ಗಾಳಿ ಅದನ್ನು ಬೇಗ ಹೊತ್ತೊಯ್ಯುತ್ತದೆ. ಅದಕ್ಕೆ ಸೂಜಿ ಹಾಕುವ ಹಾಗೂ ಇಲ್ಲ, ಕಾಲುವೆ ಗೀರಿದರೆ ಕೆಲಸ ಕೆಟ್ಟಿತು. ಬಯಲು ಸೀಮೆಯ ಧೂಳಿಗೆ ಅದು ಚೆನ್ನ. ನಮ್ಮ ಕೆಂಪು ಕೆಸರನ್ನು ಕೀಳಲು ದಪ್ಪ ಧಾರೆಯೇ ಸರಿ ಅಂತ ನನ್ನ ಅಭಿಪ್ರಾಯ. ಭಾವ ಒಪ್ಪಲಿಲ್ಲ, ಅವರ ಹೊಸ ಗಾಡಿಯಲ್ಲಿ ಅದೇ ಇದೆ.

ರಸ್ತೆಯಲ್ಲಿ

ಟ್ಯಾಂಕಿಗೆ ಸೋಸಿದ ನೀರು, ಅಂಗಡಿಯ ವಾಷರ್ ದ್ರಾವಣ ಡಬ್ಬಿಯಲ್ಲಿ ಬರೆದಷ್ಟೇ ಅಳತೆಗೆ. ಪಾತ್ರೆ ತೊಳೆಯುವ ಸೋಪು ಹಾಕುವವರಿದ್ದಾರೆ. ನೊರೆ ಜಾಸ್ತಿ, ಒಣಗಿದ ಮೇಲೆ ಗಾಜಿನಲ್ಲಿ ಮಬ್ಬು ಪದರ, ರಾತ್ರಿ ಎದುರಿನ ಲೈಟ್ ಅದರಲ್ಲಿ ಹರಡುತ್ತದೆ. ಹಂಚಿನ ಮಾಡಿನಿಂದ ಇಳಿದ ಮಳೆ ನೀರನ್ನು ನೇರ ತುಂಬಿಸುವುದೂ ಬೇಡ, ಅದರಲ್ಲಿ ಪಾಚಿಯ ಚೂರು ಇರುತ್ತದೆ. ಬಟ್ಟೆಯಲ್ಲಿ ಸೋಸಿದರೆ ಅಡ್ಡಿಯಿಲ್ಲ. ಹೊರದೇಶದ ಡಬ್ಬಿಗಳ ಮೇಲೆ ಹೆಪ್ಪುಗಟ್ಟದ ದ್ರಾವಣ ಅಂತ ಬರೆದಿರುತ್ತದೆ, ದುಡ್ಡೂ ಜಾಸ್ತಿ. ಮಡಿಕೇರಿಯ ಚಳಿ ಎಷ್ಟೇ ಇದ್ದರೂ ಟ್ಯಾಂಕಿನ ನೀರು ಹೆಪ್ಪುಗಟ್ಟುವಷ್ಟಿಲ್ಲ.

ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಇಳಿದು, ಕೊಪ್ಪ ಸೇತುವೆ ದಾಟಿ ಬೈಲಕುಪ್ಪೆ ಕಡೆಯ ನೇರ ರಸ್ತೆಗೆ ಹೋದೆ. ಹಿಂದೆ ಯಾರೂ ಇಲ್ಲದಾಗ ಮಾತ್ರ ಲಿವರ್ ಎಳೆದೆ, ಸ್ಕೂಟರ್‌ನವರ ಮಾತು ನೆನಪಿತ್ತು. ನಲವತ್ತರಲ್ಲಿ ಧಾರೆಗಳು ಕಣದಲ್ಲಿ ಇಟ್ಟ ಜಾಗಕ್ಕೇ ಬಿದ್ದವು. ಎಂಬತ್ತರಲ್ಲಿ ಒಂದು ಗೇಣಿನ ಹತ್ತಿರ ಕೆಳಗೆ ಬಂದವು. ಕೆಳಗಿನ ಧಾರೆ ಆಗ ಹೆಚ್ಚುಕಡಿಮೆ ವೈಪರ್ ಬುಡಕ್ಕೆ, ಅದರಿಂದ ಪ್ರಯೋಜನ ಇಲ್ಲ. ಮೇಲಿನದ್ದು ಸರಿಯಾಗಿ ಕಣ್ಣಿನ ಮುಂದೆ ಬಿತ್ತು. ಬಸ್ಸಿನ ಹಿಂದೆ ಸ್ವಲ್ಪ ದೂರ ಓಡಿಸಿ ಗಾಜು ಕೆಸರು ಮಾಡಿಕೊಂಡೇ ನೋಡಿದೆ. ಎರಡು ಸಲ ವೈಪರ್ ಬೀಸುವುದರೊಳಗೆ ತಿಳಿಯಾಯಿತು. ಬಲಗಡೆಯ ಬ್ಲೇಡ್ ಒಂದು ಗೆರೆ ಉಳಿಸುತ್ತದೆ. ಅದು ರಬ್ಬರ್ ಹಳೆಯದಾಗಿದ್ದು, ನಾಜಲ್‌ಗೆ ಸಂಬಂಧ ಇಲ್ಲ.

ವಾಪಸ್ ಬರುವಾಗ ಆನೆಕಾಡು ದಾಟಿದ ಮೇಲೆ ಮಂಜು ಹಿಡಿಯಿತು. ಮಂಜಿಗೆ ವಾಷರ್ ಏನೂ ಮಾಡುವುದಿಲ್ಲ, ಆದರೆ ಗಾಜಿನ ಮೇಲೆ ಕೆಸರಿನ ಪದರ ಇಲ್ಲದಿದ್ದರೆ ಎದುರಿನ ಫಾಗ್ ಲೈಟ್ ಅಷ್ಟು ಚುಚ್ಚುವುದಿಲ್ಲ.

ಉಳಿದಿರುವ ಕೆಲಸ ಒಂದು. ಎಡಗಡೆಯ ನಾಜಲ್‌ನ ಮೇಲಿನ ಗುಂಡು ಗೂಡಿನಲ್ಲಿ ಸಡಿಲ. ಸೂಜಿಯಿಂದ ಇಟ್ಟ ಕಡೆ ನಿಲ್ಲುತ್ತದೆ, ಕೆಟ್ಟ ರಸ್ತೆಯಲ್ಲಿ ಕುಲುಕಿದಾಗ ನಿಧಾನಕ್ಕೆ ಹೊರಗಡೆಗೆ ಜಾರುತ್ತದೆ. ಅಂಟು ಹಾಕಿ ಕೂರಿಸುವ ಮನಸ್ಸಿಲ್ಲ, ತೂತಿಗೆ ಒಂದು ಹನಿ ಹೋದರೂ ಮುಗಿಯಿತು. ಆ ಒಂದು ನಾಜಲ್ ಕುಶಾಲನಗರದ ಅಂಗಡಿಯಲ್ಲಿ ಹೇಳಿಟ್ಟಿದ್ದೇನೆ. ಗಾಜಿನ ಮೇಲಿನ ಟೇಪ್ ಗುರುತುಗಳ ಫೋಟೊ ಮೊಬೈಲ್‌ನಲ್ಲಿದೆ. ಹೊಸದು ಬಂದಾಗ ಅದನ್ನು ನೋಡಿಯೇ ಗುರಿ ಇಡುತ್ತೇನೆ. ಕೊಯ್ಲು ಶುರುವಾಗಿ ಕಣದ ತುಂಬಾ ಕಾಫಿ ಹರಡುವ ಮುಂಚೆ ಬಂದರೆ ಒಳ್ಳೆಯದು.